ತಾಯಿಯ ಸಾವಿಗೆ ಲೆಕ್ಕ ಕೇಳುವ ವೃತ್ತಿ

ಪ್ರಜನನ ಆರೋಗ್ಯ ಮತ್ತು ಮಹಿಳಾ ಹಕ್ಕುಗಳ ಜಾಗತಿಕ ಕ್ಷೇತ್ರಕ್ಕೆ ವೈದ್ಯರಷ್ಟೇ ಸಾಲದು. ವರದಿಗಾರರು, ವಕೀಲರು, ಸೂಲಗಿತ್ತಿಯರು, ಸಂಖ್ಯಾಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಎಲ್ಲರೂ ಬೇಕು. ಈ ಹಾದಿಯ ಮೊದಲ ಮೈಲಿಗಲ್ಲುಗಳಲ್ಲಿ ಕೆಲವು ನಮ್ಮ ಹುಬ್ಬಳ್ಳಿ, ಮೈಸೂರು, ಬೆಂಗಳೂರು, ಬೆಳಗಾವಿಗಳಲ್ಲೇ ಇವೆ.

2012ರ ಅಕ್ಟೋಬರ್ 21. ಐರ್ಲೆಂಡಿನ ಗಾಲ್ವೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಬೆನ್ನುನೋವೆಂದು ಒಬ್ಬ ದಂತವೈದ್ಯೆ ಬಂದರು. ಹದಿನೇಳು ವಾರದ ಬಸುರಿ. ಹೆಸರು ಸವಿತಾ ಹಾಲಪ್ಪನವರ, ವಯಸ್ಸು 31, ತವರು ಬೆಳಗಾವಿ. ಈ ಗರ್ಭ ನಿಲ್ಲುವುದಿಲ್ಲ ಎಂದು ವೈದ್ಯರಿಗೆ ಬೇಗನೆ ಖಚಿತವಾಯಿತು. ನಿಲ್ಲದಿದ್ದರೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಈ ದೇಶದ ಕಾನೂನಿನಲ್ಲಿ ಅದು ಆಗದು ಎಂಬ ಉತ್ತರ ಬಂತು. ಕಾಯುತ್ತಿದ್ದ ಹಾಗೆಯೇ ಮೈಗೆಲ್ಲ ನಂಜೇರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಇಷ್ಟನ್ನು ಬಹಳಷ್ಟು ಕನ್ನಡಿಗರು ಓದಿದ್ದಾರೆ. ಆಮೇಲೆ ಯಾರು ಯಾರು ಏನೇನು ಮಾಡಿದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ನವೆಂಬರ್ 14ರಂದು ‘ಐರಿಷ್ ಟೈಮ್ಸ್’ ಪತ್ರಿಕೆಯ ವರದಿಗಾರ್ತಿ ಕಿಟ್ಟಿ ಹಾಲೆಂಡ್ ಈ ಸಾವನ್ನು ಬೆಳಕಿಗೆ ತಂದರು. ಆ ಸುದ್ದಿ ಬಾರದಿದ್ದರೆ ಇದು ಆಸ್ಪತ್ರೆಯ ಕಡತದಲ್ಲಿ ಮುಗಿದುಹೋಗುವ ಸಾಧ್ಯತೆಯೇ ಹೆಚ್ಚಿತ್ತು. ಆರೋಗ್ಯ ಇಲಾಖೆಯ ತನಿಖೆಯ ನೇತೃತ್ವ ವಹಿಸಿದವರು ಶ್ರೀಲಂಕಾ ಮೂಲದ ಪ್ರಸೂತಿ ತಜ್ಞ ಸಬಾರತ್ನಂ ಅರುಳ್‌ಕುಮಾರನ್. ರೋಗಿಯ ಮೇಲೆ ನಿಗಾ ಸಾಲದಾಗಿತ್ತು, ಭ್ರೂಣದ ಬಡಿತ ನಿಲ್ಲುವ ತನಕ ಕಾಯಬೇಕೆಂಬ ಧೋರಣೆಗೆ ಅತಿಯಾದ ಒತ್ತು ಕೊಡಲಾಗಿತ್ತು ಎಂದು ಅವರ ವರದಿ ಬರೆಯಿತು. ಆರೋಗ್ಯ ಗುಣಮಟ್ಟದ ಪ್ರಾಧಿಕಾರ ಬೇರೆಯೇ ತನಿಖೆ ಮಾಡಿ, ಸವಿತಾರನ್ನು ಉಳಿಸಿಕೊಳ್ಳಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದ್ದನ್ನು ಎಣಿಸಿ ತೋರಿಸಿತು. ಗಾಲ್ವೇಯಲ್ಲಿ ಸಾವಿನ ಕಾರಣದ ವಿಚಾರಣೆ ನಡೆದಾಗ ಶುಶ್ರೂಷಕಿಯರು, ಸೂಕ್ಷ್ಮಜೀವಿ ತಜ್ಞರು, ವೈದ್ಯರು ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು.

ಮುಂದಿನ ಕೆಲಸ ಬೀದಿಯದು. ಗರ್ಭಪಾತಕ್ಕೆ ಅಡ್ಡವಾಗಿದ್ದ ಐರ್ಲೆಂಡಿನ ಸಂವಿಧಾನದ ಎಂಟನೇ ತಿದ್ದುಪಡಿ ರದ್ದಾಗಬೇಕೆಂದು ‘ಟುಗೆದರ್ ಫಾರ್ ಯೆಸ್’ ಎಂಬ ಒಕ್ಕೂಟ ಮನೆಮನೆ ಬಾಗಿಲು ತಟ್ಟಿತು. ಅದನ್ನು ನಡೆಸಿದ ಮೂವರಲ್ಲಿ ಏಲ್ವಾ ಸ್ಮಿತ್ ಮಹಿಳಾ ಅಧ್ಯಯನದ ಅಧ್ಯಾಪಕಿಯಾಗಿದ್ದವರು, ಓರ್ಲಾ ಓಕಾನರ್ ಆಗ ರಾಷ್ಟ್ರೀಯ ಮಹಿಳಾ ಮಂಡಳಿಯ ನಿರ್ದೇಶಕಿ, ಗ್ರಾನ್ಯಾ ಗ್ರಿಫಿನ್ ಗರ್ಭಪಾತದ ಹಕ್ಕಿನ ಹೋರಾಟಗಾರ್ತಿ. ಬೆಳಗಾವಿಯಲ್ಲಿ ಕುಳಿತ ಸವಿತಾರ ತಂದೆ-ತಾಯಿ ಐರಿಷ್ ಮತದಾರರಿಗೆ ವಿಡಿಯೊ ಮೂಲಕ ಮನವಿ ಮಾಡಿದರು. 2018ರ ಮೇ 25ರಂದು ನಡೆದ ಜನಮತಗಣನೆಯಲ್ಲಿ ಶೇ 66.4 ಮಂದಿ ರದ್ದತಿಯ ಪರ ಮತ ಹಾಕಿದರು. 2019ರ ಜನವರಿ 1ರಿಂದ ಅಲ್ಲಿ 12 ವಾರದವರೆಗೆ ಗರ್ಭಪಾತ ಸೇವೆ ಕಾನೂನುಬದ್ಧವಾಗಿ ಸಿಗುತ್ತಿದೆ.

ಪ್ರಜನನ ಆರೋಗ್ಯದ ಕ್ಷೇತ್ರದಲ್ಲಿ ಏನು ಕೆಲಸ ಸಿಗುತ್ತದೆ ಎಂದು ಕೇಳುವ ವಿದ್ಯಾರ್ಥಿನಿಯರಿಗೆ ನಾನು ಹೇಳುವುದು ಈ ಆರು ವರ್ಷಗಳ ಚರಿತ್ರೆಯನ್ನೇ. ಸುದ್ದಿ ಹೊರಗೆಳೆದವರು, ತನಿಖೆ ಮಾಡಿದವರು, ನಿಯಮ ಬರೆದವರು, ಪ್ರಚಾರದ ಲೆಕ್ಕಪತ್ರ ನೋಡಿಕೊಂಡವರು, ಇವರ್‍ಯಾರೂ ದಾನಧರ್ಮಕ್ಕೆ ಬಂದವರಲ್ಲ. ತಮ್ಮ ತಮ್ಮ ಕಸುಬಿನಲ್ಲಿ ನುರಿತವರು. ಒಬ್ಬ ಹೆಣ್ಣಿನ ಸಾವಿಗೆ ಲೆಕ್ಕ ಕೇಳಲು ಇಷ್ಟೊಂದು ಕಸುಬುಗಳು ಒಟ್ಟುಗೂಡಬೇಕಾಯಿತು.

ಹುಬ್ಬಳ್ಳಿಯಿಂದ ಕೈರೊವರೆಗೆ

1930ರಲ್ಲಿ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಜಗತ್ತಿನಲ್ಲಿ ಒಂದು ಸರ್ಕಾರ ಇಂಥ ಕ್ಲಿನಿಕ್ ನಡೆಸಿದ್ದು ಅದೇ ಮೊದಲು ಎಂದು ಚರಿತ್ರೆಕಾರರು ಹೇಳುತ್ತಾರೆ. ನಾಲ್ವಡಿಯವರ ಕಾಲದ ಅಣೆಕಟ್ಟು, ಕಾರ್ಖಾನೆಗಳನ್ನು ಹೊಗಳುವ ನಾವು ಇದನ್ನು ನೆನೆಯುವುದೇ ಇಲ್ಲ.

ಧನವಂತಿ ರಾಮರಾವ್ 1893ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಕಾಶ್ಮೀರಿ ಪಂಡಿತರ ಮನೆತನದ ಹುಡುಗಿ ಮದರಾಸಿನಲ್ಲಿ ಓದಿ, ಅಲ್ಲಿಯೇ ಕಾಲೇಜಿನಲ್ಲಿ ಪಾಠ ಹೇಳಿ, ಮುಂದೆ ರಿಸರ್ವ್ ಬ್ಯಾಂಕ್ ಗವರ್ನರ್ ಆದ ಬೆನಗಲ್ ರಾಮರಾಯರನ್ನು ಮದುವೆಯಾದರು. ಗವರ್ನರ್ ಪತ್ನಿಯಾಗಿ ಚಹಾಕೂಟಗಳಲ್ಲಿ ಕಾಲ ಕಳೆಯಬಹುದಿತ್ತು. ಬದಲಾಗಿ, ಮುಂಬೈಯಲ್ಲಿ ಹೆರಿಗೆಯ ಮೇಲೆ ಹೆರಿಗೆಯಾಗಿ ಸೊರಗಿದ ಹೆಂಗಸರನ್ನು ಕಂಡು 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದರು. ಜೊತೆಗೆ ನಿಂತವರು ಕೊಲಂಬೊದಲ್ಲಿ ಹುಟ್ಟಿದ ವಕೀಲೆ ಆವಾಬಾಯಿ ವಾಡಿಯಾ. 1952ರಲ್ಲಿ ಮುಂಬೈಯಲ್ಲಿ ನಡೆದ ಸಮ್ಮೇಳನದಲ್ಲಿ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ಹುಟ್ಟಿತು. ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಜೊತೆ ಧನವಂತಿ ಅದರ ಜಂಟಿ ಅಧ್ಯಕ್ಷೆಯಾದರು. 1980ರ ದಶಕದಲ್ಲಿ ಅದೇ ಪೀಠ ಆವಾಬಾಯಿಯವರಿಗೆ ಬಂತು. ಈ ಕ್ಷೇತ್ರ ಪಶ್ಚಿಮದಿಂದ ನಮಗೆ ಬಂದ ಬಳುವಳಿ ಎನ್ನುವವರಿಗೆ ಇಷ್ಟು ಸಾಕು.

ಆದರೆ ಆ ಪೀಳಿಗೆಯ ಕೆಲಸಕ್ಕೆ ಒಂದು ಕರಾಳ ಮಗ್ಗುಲೂ ಬೆಳೆಯಿತು. ಹೆಣ್ಣಿನ ಆರೋಗ್ಯಕ್ಕೆಂದು ಶುರುವಾದದ್ದು ಸರ್ಕಾರಗಳ ಕೈಯಲ್ಲಿ ಜನಸಂಖ್ಯೆಯ ಟಾರ್ಗೆಟ್ ಆಗಿಬಿಟ್ಟಿತು. ತುರ್ತು ಪರಿಸ್ಥಿತಿಯ 1976-77ರ ಒಂದೇ ಸಾಲಿನಲ್ಲಿ ಭಾರತದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಬಹುಪಾಲು ಗಂಡಸರಿಗೆ. ಆ ಬಲವಂತದ ಮೇಲಿನ ಜನರ ರೋಷಕ್ಕೆ ಸರ್ಕಾರ ಉರುಳಿದ ಮೇಲೆ ಗಂಡಸರನ್ನು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 37.9 ವಿವಾಹಿತೆಯರು ಆಪರೇಷನ್ ಮಾಡಿಸಿಕೊಂಡಿದ್ದರೆ, ಗಂಡಸರ ಆಪರೇಷನ್ ನೆಚ್ಚಿಕೊಂಡ ದಂಪತಿಗಳು ಶೇ 0.3 ಮಾತ್ರ.

ಈ ದಿಕ್ಕನ್ನು ಬದಲಿಸಿದ್ದು 1994ರ ಸೆಪ್ಟೆಂಬರ್‌ನಲ್ಲಿ ಕೈರೊದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯೆ ಮತ್ತು ಅಭಿವೃದ್ಧಿ ಸಮ್ಮೇಳನ. ಅದರ ಮಹಾಕಾರ್ಯದರ್ಶಿ ನಫೀಸ್ ಸಾದಿಕ್. ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಹುಟ್ಟಿ, ಕರಾಚಿಯ ಡೌ ಮೆಡಿಕಲ್ ಕಾಲೇಜಿನಲ್ಲಿ ಓದಿ, ಪಾಕಿಸ್ತಾನದ ಸೇನಾ ಆಸ್ಪತ್ರೆಗಳಲ್ಲಿ ಸೈನಿಕರ ಹೆಂಡಿರಿಗೆ ಚಿಕಿತ್ಸೆ ಕೊಟ್ಟ ಪ್ರಸೂತಿ ವೈದ್ಯೆ. 1987ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಮುಖ್ಯಸ್ಥೆಯಾದರು. ವ್ಯಾಟಿಕನ್ ಮತ್ತು ಹಲವು ದೇಶಗಳು ಪದಪದಕ್ಕೂ ಆಕ್ಷೇಪ ಎತ್ತಿದ ಆ ಸಮ್ಮೇಳನದಲ್ಲಿ 179 ದೇಶಗಳನ್ನು ಒಂದು ಕಾರ್ಯಕ್ರಮಕ್ಕೆ ಒಪ್ಪಿಸುವುದು ಸಣ್ಣ ಮಾತಲ್ಲ. ಹೆರುವುದು, ಹೆರದಿರುವುದು, ಎಷ್ಟು ಹೆರುವುದು ಹೆಣ್ಣಿನ ಹಕ್ಕಿಗೆ ಸೇರಿದ್ದು, ಸರ್ಕಾರದ ಗುರಿಗೆ ಸೇರಿದ್ದಲ್ಲ ಎಂಬುದು ಅಲ್ಲಿನ ತಿರುಳು.

ಆ ತಿರುಳಿಗೆ ಬೌದ್ಧಿಕ ಬಲ ಕೊಟ್ಟವರಲ್ಲಿ ಬೆಂಗಳೂರಿನವರೂ ಇದ್ದರು. ಬಡ ದೇಶಗಳ ಸ್ತ್ರೀವಾದಿ ಚಿಂತಕಿಯರ ‘ಡಾನ್’ ಜಾಲ ರೂಪುಗೊಂಡದ್ದು 1984ರಲ್ಲಿ ಬೆಂಗಳೂರಿನ ಒಂದು ಸಭೆಯಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬರಾದ ಗೀತಾ ಸೇನ್ ಅರ್ಥಶಾಸ್ತ್ರಜ್ಞೆ. ಬೆಂಗಳೂರಿನ ಐಐಎಂನಲ್ಲಿ ಪಾಠ ಮಾಡುತ್ತಲೇ ಕೈರೊದ ಚರ್ಚೆಗಳಿಗೆ ಹೋದವರು, ಆಮೇಲೆ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಹೆಂಗಸರ ಆರೋಗ್ಯದ ಅಸಮಾನತೆಯನ್ನು ಅಧ್ಯಯನ ಮಾಡಿದವರು. ಕೈರೊದ ಹಿಂದೆಯೇ ಕೊಪ್ಪಳ ಬಂದದ್ದು ಆಕಸ್ಮಿಕವಲ್ಲ. ನಿರ್ಣಯದಲ್ಲಿ ಬರೆದ ಮಾತು ನಿಜವಾಗುತ್ತಿದೆಯೇ ಎಂದು ತಿಳಿಯಬೇಕಾದರೆ ಬಾಣಂತಿ ಸತ್ತ ಮನೆಯ ಜಗಲಿಯಲ್ಲಿ ಕುಳಿತು, ಮೊದಲ ನೋವು ಯಾವಾಗ ಬಂತು, ಗಾಡಿ ಎಷ್ಟು ಹೊತ್ತಿಗೆ ಸಿಕ್ಕಿತು, ಯಾವ ಆಸ್ಪತ್ರೆ ಯಾವ ಆಸ್ಪತ್ರೆಗೆ ಕಳಿಸಿತು ಎಂದು ಕೇಳಲೇಬೇಕು.

ಬೆಳಗಾವಿಯ ಪ್ಲಾಸ್ಟಿಕ್ ಚೀಲ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಹಸಂಸ್ಥೆಗಳ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2.6 ಲಕ್ಷ ಹೆಂಗಸರು ಬಸಿರು ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಸತ್ತರು. ದಿನಕ್ಕೆ 700ಕ್ಕೂ ಹೆಚ್ಚು. ಈ ಸಾವುಗಳ ದೊಡ್ಡ ಕಾರಣಗಳಲ್ಲಿ ಒಂದು ಹೆರಿಗೆಯ ನಂತರದ ರಕ್ತಸ್ರಾವ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ್ ಗೌಡರ್ ಮುಂತಾದ ವೈದ್ಯರು ಅಮೆರಿಕದ ರಿಚರ್ಡ್ ಡರ್ಮನ್ ತಂಡದ ಜೊತೆ ಸೇರಿ ಈ ಸಮಸ್ಯೆಗೆ ಕೈ ಹಾಕಿದರು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ತರಬೇತಿಯೂ ಬೇಕು. ಹಳ್ಳಿಯ ಮನೆಯಲ್ಲಿ, ಉಪಕೇಂದ್ರದಲ್ಲಿ ಎರಡೂ ಕಷ್ಟ. ಅದರ ಬದಲು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರೆ ಹೇಗೆ? ಬೆಳಗಾವಿ ಜಿಲ್ಲೆಯ 1,620 ಹೆಂಗಸರ ಮೇಲೆ ಪ್ರಯೋಗ ನಡೆಯಿತು. ಮಾತ್ರೆ ಕೊಟ್ಟವರು ಹಳ್ಳಿಯ ಎಎನ್‌ಎಂ ಸಿಸ್ಟರ್‌ಗಳು. ತೀವ್ರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಇಳಿದಿದೆ ಎಂದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನಗೆ ಮಾತ್ರೆಗಿಂತಲೂ ಹಿಡಿಸಿದ್ದು ಆ ಪ್ರಯೋಗಕ್ಕಾಗಿ ಅವರು ತಯಾರಿಸಿದ ಪ್ಲಾಸ್ಟಿಕ್ ಚೀಲ. ಹೆರಿಗೆಯಾದ ಕೂಡಲೇ ಬಾಣಂತಿಯ ಕೆಳಗೆ ಹಾಸುವ ಹಾಳೆ, ಅದರ ತುದಿಗೆ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಅದುವರೆಗೆ ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು. ಚೀಲದ ಅಳತೆಗೆ ಹೋಲಿಸಿದರೆ ಕಣ್ಣಂದಾಜು ಮೂರನೇ ಒಂದು ಪಾಲಿನಷ್ಟು ಕಡಿಮೆ ಬರುತ್ತದೆಂದು ಬೆಳಗಾವಿಯ ಅಧ್ಯಯನ ತೋರಿಸಿತು. ಕಡಿಮೆ ಎಂದುಕೊಂಡಷ್ಟೂ ಚಿಕಿತ್ಸೆ ತಡ, ತಡವಾದಷ್ಟೂ ಸಾವು. 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ‘ಇ-ಮೋಟಿವ್’ ಪ್ರಯೋಗದ ಫಲಿತಾಂಶ ಬಂತು. ಅಳತೆಯ ಹಾಳೆ ಹಾಕಿ, ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಕೊಟ್ಟಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವುಗಳು ಒಟ್ಟಾರೆ ಶೇ 60ರಷ್ಟು ತಗ್ಗಿದವು.

ಇಂಥ ಒಂದು ಪ್ರಯೋಗದಲ್ಲಿ ಸಂಬಳದ ಕೆಲಸಗಳು ಎಷ್ಟಿವೆ ನೋಡಿ. ಪ್ರಯೋಗದ ವಿನ್ಯಾಸ ಮಾಡುವ ಸಂಖ್ಯಾಶಾಸ್ತ್ರಜ್ಞೆ, ಬಸುರಿಗೆ ಅವಳದೇ ಮಾತಿನಲ್ಲಿ ವಿಷಯ ತಿಳಿಸಿ ಒಪ್ಪಿಗೆ ಪಡೆಯುವ ಕ್ಷೇತ್ರ ಸಹಾಯಕಿ, ನೈತಿಕ ಸಮಿತಿಯ ಸದಸ್ಯೆ, ಔಷಧದ ದಾಸ್ತಾನು ನೋಡಿಕೊಳ್ಳುವವರು, ದತ್ತಾಂಶ ಪರಿಶೀಲಿಸುವವರು. ಎಂಬಿಬಿಎಸ್ ಸೀಟು ಸಿಗಲಿಲ್ಲವೆಂದು ಕೊರಗುವ ಜೀವವಿಜ್ಞಾನದ ವಿದ್ಯಾರ್ಥಿನಿಗೂ ಗಣಿತದ ವಿದ್ಯಾರ್ಥಿನಿಗೂ ಇಲ್ಲಿ ಜಾಗವಿದೆ.

ಕರಿಕೋಟಿನವರ ಪಾಲು

2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ, ರಾತ್ರಿ ಹೊತ್ತು, ಎರಡು ಗಂಟೆಗಳಲ್ಲಿ ಒಬ್ಬನೇ ಸರ್ಜನ್ 53 ಹೆಂಗಸರಿಗೆ ಸಂತಾನಹರಣ ಆಪರೇಷನ್ ಮಾಡಿದ. ಆರೋಗ್ಯ ಹಕ್ಕುಗಳ ಹೋರಾಟಗಾರ್ತಿ ದೇವಿಕಾ ಬಿಸ್ವಾಸ್ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಪ್ರಕರಣ ನಡೆಯುತ್ತಿರುವಾಗಲೇ, 2014ರಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಇಂಥದೇ ಶಿಬಿರದ ನಂತರ 13 ಹೆಂಗಸರು ಸತ್ತರು. ಮೂರು ವರ್ಷಗಳೊಳಗೆ ಶಿಬಿರಗಳನ್ನೇ ನಿಲ್ಲಿಸಬೇಕೆಂದು 2016ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಹೇಳಿತು. ಅತ್ತ ಬ್ರೆಜಿಲ್‌ನಲ್ಲಿ, ಸಕಾಲಕ್ಕೆ ಚಿಕಿತ್ಸೆ ಸಿಗದೆ ಸತ್ತ ಬಡ ಕಪ್ಪು ಮಹಿಳೆ ಅಲಿನಿ ಡ ಸಿಲ್ವಾ ಪಿಮೆಂಟೆಲ್ ಪ್ರಕರಣದಲ್ಲಿ, ತಡೆಯಬಹುದಾದ ತಾಯಿ ಮರಣಕ್ಕೆ ಸರ್ಕಾರವೇ ಹೊಣೆ ಎಂದು ವಿಶ್ವಸಂಸ್ಥೆಯ ಮಹಿಳಾ ತಾರತಮ್ಯ ನಿವಾರಣಾ ಸಮಿತಿ 2011ರಲ್ಲಿ ತೀರ್ಪು ಕೊಟ್ಟಿತು. ಒಂದು ಅಂತರರಾಷ್ಟ್ರೀಯ ಮಾನವ ಹಕ್ಕು ಸಮಿತಿ ತಾಯಿ ಮರಣದ ಬಗ್ಗೆ ಹೀಗೆ ಹೇಳಿದ್ದು ಅದೇ ಮೊದಲು. ಅವಿವಾಹಿತೆಯರಿಗೂ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನ ಅವಕಾಶ ಒಂದೇ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ್ದೂ ಇದೇ ಸಾಲಿಗೆ ಸೇರುತ್ತದೆ.

ಇಂಥ ಮೊಕದ್ದಮೆಗಳಲ್ಲಿ ವಾದ ಮಂಡಿಸುವವರು ಕಾಣುತ್ತಾರೆ. ಅವರಿಗೆ ಪುರಾವೆ ಒದಗಿಸುವವರು ಕಾಣುವುದಿಲ್ಲ. ಆಪರೇಷನ್ ಆದ ಹೆಂಗಸರ ಹೇಳಿಕೆ ಪಡೆದು, ರಿಜಿಸ್ಟರ್ ನಕಲು ತೆಗೆಸಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಪ್ರಮಾಣಪತ್ರ ಸಿದ್ಧಪಡಿಸುವುದೇ ಮುಕ್ಕಾಲು ಪಾಲು ಕೆಲಸ. ಕಾನೂನು ಓದುವವರು ಇದಕ್ಕೆ ಹೇಸಬಾರದು.

ಸೂಲಗಿತ್ತಿಯ ಹೊಸ ಅವತಾರ

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಸಂಭ್ರಮಿಸಿತು. ಆದರೆ ಅವರ ಕೆಲಸವನ್ನು ಓದಿದ ಹುಡುಗಿಯರ ವೃತ್ತಿಯಾಗಿ ಕಾಣಲು ನಾವು ಹಿಂಜರಿದೆವು. ಜಗತ್ತಿನಲ್ಲಿ 9 ಲಕ್ಷ ತರಬೇತಾದ ಸೂಲಗಿತ್ತಿಯರ ಕೊರತೆಯಿದೆ ಎಂದು 2021ರ ವಿಶ್ವಸಂಸ್ಥೆಯ ವರದಿ ಲೆಕ್ಕ ಹಾಕಿದೆ. ಭಾರತ ಸರ್ಕಾರ ನರ್ಸಿಂಗ್ ಪದವೀಧರೆಯರಿಗೆ ಮಿಡ್‌ವೈಫರಿಯಲ್ಲಿ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ತರಬೇತಿ ರೂಪಿಸಿದೆ. ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ನಿಭಾಯಿಸುವ, ಹೊಡೆತ ಬೈಗುಳವಿಲ್ಲದೆ ಹೆಣ್ಣನ್ನು ಗೌರವದಿಂದ ನೋಡಿಕೊಳ್ಳುವ ವೃತ್ತಿ ಇದು. ಸಿಸೇರಿಯನ್‌ಗಳು ಹೆಚ್ಚುತ್ತಿರುವ ನಮ್ಮ ಊರುಗಳಿಗೆ ಇವರು ತುರ್ತಾಗಿ ಬೇಕು. ಹೊರದೇಶಗಳಲ್ಲಿ ಅವಕಾಶ ಇದ್ದೇ ಇದೆ.

ಎಲ್ಲಿಂದ ಹೊರಡುವುದು?

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಈ ಕ್ಷೇತ್ರದ ಸಾಮಾನ್ಯ ಬಾಗಿಲು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ ದೇಶದಲ್ಲಿ ಇದಕ್ಕೆ ಹೆಸರಾದದ್ದು. ಮಣಿಪಾಲದಲ್ಲೂ ಈ ಕೋರ್ಸ್ ಇದೆ. ಜನಸಂಖ್ಯಾಶಾಸ್ತ್ರ ಓದುವವರಿಗೆ ಮುಂಬೈಯ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಗಿಂತ ಒಳ್ಳೆಯ ಶಾಲೆ ನಮ್ಮಲ್ಲಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸುವುದು ಅದೇ ಸಂಸ್ಥೆ. ಲಂಡನ್ ಸ್ಕೂಲ್ ಆಫ್ ಹೈಜೀನ್, ಜಾನ್ಸ್ ಹಾಪ್ಕಿನ್ಸ್ ಕನಸು ಕಾಣುವವರು ಕಾಣಲಿ, ಆದರೆ ಸಾಲ ಮಾಡಿ ಹೋಗುವ ಮುನ್ನ ಎರಡು ವರ್ಷ ಇಲ್ಲಿ ಕೆಲಸ ಮಾಡಿರಿ ಎಂಬುದು ನನ್ನ ಸಲಹೆ. ಆಗ ಅಲ್ಲಿ ಏನು ಕಲಿಯಬೇಕೆಂದು ನಿಮಗೇ ಗೊತ್ತಿರುತ್ತದೆ.

ವಿಶ್ವಸಂಸ್ಥೆಯ ಬಗ್ಗೆ ಭ್ರಮೆ ಬೇಡ. ಅಲ್ಲಿನ ಕಿರಿಯ ವೃತ್ತಿಪರ ಹುದ್ದೆಗೂ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆ ಎರಡು ವರ್ಷದ ಅನುಭವ ಕೇಳುತ್ತಾರೆ. ಜೂನಿಯರ್ ಪ್ರೊಫೆಷನಲ್ ಆಫೀಸರ್ ಹುದ್ದೆಗಳಿಗೆ ಶ್ರೀಮಂತ ದೇಶಗಳು ಹಣ ಕೊಟ್ಟು ಹೆಚ್ಚಾಗಿ ತಮ್ಮ ಪ್ರಜೆಗಳನ್ನೇ ಕಳಿಸುತ್ತವೆ. ಹಾಗಾಗಿ ನಮ್ಮವರಿಗೆ ದೇಶದೊಳಗಿನ ಕಚೇರಿಗಳು, ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ, ಸಂಶೋಧನಾ ಸಂಸ್ಥೆಗಳು ಹೆಚ್ಚು ನೇರ ದಾರಿ. ಆಫ್ರಿಕಾದಲ್ಲಿ ಕೆಲಸ ಮಾಡುವಾಸೆ ಇದ್ದವರು ಈಗಲೇ ಫ್ರೆಂಚ್ ಕಲಿಯಲಿ.

ಕನ್ನಡವನ್ನು ಬಿಡಬೇಡಿ. ತನಗೆ ವಂಕಿ (ಕಾಪರ್-ಟಿ) ಹಾಕಿದ್ದು ಹೇಳದೆ ಕೇಳದೆ ಎಂದು ರಾಯಚೂರಿನ ಹೆಂಗಸು ತನ್ನ ಮಾತಿನಲ್ಲಿ ಹೇಳುವುದನ್ನು ಅರ್ಥ ಮಾಡಿಕೊಂಡು, ಅದನ್ನು ಜಿನೀವಾದ ವರದಿಗೆ ಚ್ಯುತಿ ಬಾರದಂತೆ ದಾಟಿಸಬಲ್ಲವರು ಬಹಳ ಕಡಿಮೆ. ಇಂಗ್ಲಿಷ್ ಬಲ್ಲವರು ಸಾಲುಗಟ್ಟಿ ನಿಂತಿದ್ದಾರೆ, ಎರಡನ್ನೂ ಬಲ್ಲವರಿಗಾಗಿ ಸಂಸ್ಥೆಗಳು ಹುಡುಕಾಡುತ್ತಿವೆ.

ಹಣದ ಬುಡ ಅಲುಗಾಡುತ್ತಿದೆ

ಬಣ್ಣದ ಪುಟಗಳಲ್ಲಿ ಅವಕಾಶಗಳನ್ನಷ್ಟೇ ಹೇಳಿ ನಿಲ್ಲಿಸಿದರೆ ಓದುಗರಿಗೆ ಮೋಸ ಮಾಡಿದಂತೆ. 1984ರಲ್ಲಿ ಅಮೆರಿಕದ ರೇಗನ್ ಸರ್ಕಾರ ಒಂದು ನಿಯಮ ತಂದಿತು: ಗರ್ಭಪಾತದ ಬಗ್ಗೆ ಸಲಹೆ ಕೊಡುವ, ಅದರ ಪರ ಮಾತಾಡುವ ವಿದೇಶಿ ಸಂಸ್ಥೆಗಳಿಗೆ ಕುಟುಂಬ ಯೋಜನೆಯ ನೆರವಿಲ್ಲ. ಅಂದಿನಿಂದ ರಿಪಬ್ಲಿಕನ್ ಅಧ್ಯಕ್ಷರು ಹಾಕುವುದು, ಡೆಮಾಕ್ರಟರು ತೆಗೆಯುವುದು ನಡೆದೇ ಇದೆ. 2025ರ ಜನವರಿಯಲ್ಲಿ ಅದು ಮತ್ತೆ ಬಂತು. ಈ ಬಾರಿ ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದ ವಿದೇಶಿ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಜುಲೈ 1ರಂದು ಮುಚ್ಚಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ನಾಲ್ಕು ದಶಕಗಳಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ಸಮೀಕ್ಷೆ ನಡೆಸಿ ತಾಯಂದಿರ, ಮಕ್ಕಳ ಆರೋಗ್ಯದ ಅಂಕಿಅಂಶ ಕೊಡುತ್ತಿದ್ದ ಡಿಎಚ್‌ಎಸ್ ಯೋಜನೆಗೆ ಅಮೆರಿಕದ ಹಣ ನಿಂತಿತು. ಲೆಕ್ಕವೇ ಇಲ್ಲದ ಮೇಲೆ ಲೆಕ್ಕ ಕೇಳುವುದು ಹೇಗೆ? ನಮ್ಮಲ್ಲಿಯೂ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಸಣ್ಣ ಸಂಸ್ಥೆಗಳಿಗೆ ದೊಡ್ಡ ಸಂಸ್ಥೆಗಳ ಮೂಲಕ ಹಣ ಹರಿಯುವುದು ನಿಂತಿದೆ.

ಒಂದು ದಾನಿ ದೇಶದ ಚುನಾವಣೆಗೆ ತಾಂಜಾನಿಯಾದ ಬಸುರಿಯ ಜೀವ ಜೋತುಬಿದ್ದಿರುವುದು ಅನ್ಯಾಯ. ಈ ಕ್ಷೇತ್ರಕ್ಕೆ ಬರುವ ಹೊಸಬರು ಯೋಜನೆಯಿಂದ ಯೋಜನೆಗೆ ಜಿಗಿಯುವ ಬದುಕಿಗೆ ಸಿದ್ಧರಿರಬೇಕು, ಜೊತೆಗೆ ಸರ್ಕಾರಿ ವ್ಯವಸ್ಥೆಯೊಳಗಿನ ಕೆಲಸವನ್ನು ಕೀಳಾಗಿ ಕಾಣಬಾರದು. ಭಾರತದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಿ ಮರಣ 93ಕ್ಕೆ, ಕರ್ನಾಟಕದಲ್ಲಿ 63ಕ್ಕೆ ಇಳಿದದ್ದು (2019-21) ಹೆಚ್ಚಾಗಿ ಆ ವ್ಯವಸ್ಥೆಯೊಳಗಿನವರ ದುಡಿಮೆಯಿಂದ. ಅದೇ ವ್ಯವಸ್ಥೆಯಲ್ಲಿ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಐವಿ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂತು. ಔಷಧ ಪರಿವೀಕ್ಷಕಿಯ ಹುದ್ದೆಯೂ ಪ್ರಯೋಗಾಲಯದ ತಂತ್ರಜ್ಞೆಯ ಹುದ್ದೆಯೂ ಮಹಿಳೆಯರ ಹಕ್ಕಿನ ಹುದ್ದೆಗಳೇ ಎಂದು ಬಳ್ಳಾರಿ ತೋರಿಸಿತು.

ಬುಡದಲ್ಲಿ ನಿಂತವರು

ಈ ಇಡೀ ಕ್ಷೇತ್ರವನ್ನು ಹೊತ್ತು ನಿಂತ ಸುಮಾರು 10 ಲಕ್ಷ ಹೆಂಗಸರು ಈ ದೇಶದಲ್ಲಿದ್ದಾರೆ. ಬಸುರಿಯ ಹೆಸರು ಮೊದಲು ಬರೆದುಕೊಳ್ಳುವುದು, ತಾಯಿ ಕಾರ್ಡ್ ಮಾಡಿಸುವುದು, ಅಪರಾತ್ರಿ ಆಂಬುಲೆನ್ಸಿನಲ್ಲಿ ಜೊತೆಗೆ ಹೋಗುವುದು, ಸತ್ತರೆ ಮೊದಲ ವರದಿ ಕೊಡುವುದು ಆಶಾ ಕಾರ್ಯಕರ್ತೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. ಸರ್ಕಾರದ ಕಡತದಲ್ಲಿ ಮಾತ್ರ ಅವರು ಇಂದಿಗೂ ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು ಕೇಳಿದ್ದು ತಿಂಗಳಿಗೆ ಖಾತರಿಯಾದ ಒಂದು ಮೊತ್ತ. ಕನಿಷ್ಠ ₹10,000 ಸಿಗುವಂತೆ ಮಾಡುತ್ತೇವೆ ಎಂಬ ಭರವಸೆಯ ಮೇಲೆ ಮನೆಗೆ ಮರಳಿದರು.

ನ್ಯೂಯಾರ್ಕ್, ಜಿನೀವಾ, ಲಂಡನ್‌ಗಳಲ್ಲಿ ಮಹಿಳಾ ಹಕ್ಕುಗಳ ಬಗ್ಗೆ ಮಾತಾಡಿ ಸಂಬಳ ಪಡೆಯಲಿರುವ ನಮ್ಮ ಹೆಣ್ಣುಮಕ್ಕಳೇ, ಗಂಡುಮಕ್ಕಳೇ, ನೀವು ಮಂಡಿಸುವ ಹಕ್ಕೊತ್ತಾಯಗಳ ಪಟ್ಟಿಯಲ್ಲಿ ಈ ಅಕ್ಕಂದಿರ ಸಂಬಳವನ್ನು ಮೊದಲ ಸಾಲಿನಲ್ಲಿ ಬರೆಯಿರಿ.